ಮೊರೆ ಎಂಬ ನಂಟು

ನಮ್ಮ ಕಡೆ ಜಗಲಿ ಎಂದರೆ ಮನೆ ಮುಂದಿನ ಕಟ್ಟೆಯಲ್ಲ, ಮನೆಯೊಳಗೆ ದೇವರು ಕೂಡುವ ಜಾಗ. ನಮ್ಮ ಆಯಿ ಮುಂಜಾನೆ ಮೈ ತೊಳೆದುಕೊಂಡು ಜಗಲಿಯ ಮುಂದೆ ಕೂತು ದೀಪ ಹಚ್ಚುತ್ತಿದ್ದಳು. ಬತ್ತಿ ತೀಡುತ್ತಿದ್ದಂತೆಯೇ ಮಾತು ಶುರು. “ಏನಪಾ, ಕಣ್ಣ ಮುಚ್ಕೊಂಡ ಕುಂತೀಯೇನು? ಕಬ್ಬಿನ ರೊಕ್ಕ ಇನ್ನೂ ಬರ್ಲಿಲ್ಲ. ಎಮ್ಮಿ ಹಾಲು ಬತ್ತಿಸ್ತು. ಹುಡುಗಿ ಮದಿವಿ ಹಂಗs ನಿಂತೈತಿ. ನಿನಗ ದೀಪ ಹಚ್ಚೂದು ಒಂದಿನಾರ ಬಿಟ್ಟೇನೇನು ನಾ?” ವಿಭೂತಿ ಹಚ್ಚುತ್ತ ಬೈಗುಳ, ಬೈಯುತ್ತ ಕಣ್ಣೀರು, ಸೆರಗಿನಿಂದ ಕಣ್ಣು ಒರೆಸಿಕೊಂಡು ಚಿಟಿಕೆ ಸಕ್ಕರೆಯ ನೈವೇದ್ಯ. ಆಮೇಲೆ ಎದ್ದು ರೊಟ್ಟಿ ಬಡಿಯಲು ಹೋಗುವಳು. ಏನು ಮಾಡುತ್ತಿದ್ದೆ ಎಂದು ಕೇಳಿದರೆ ಒಂದೇ ಉತ್ತರ: “ದೇವರ ಮುಂದ ಹೇಳ್ಕೊಂಡ್ನಿ.”

ಹಿಪ್ಪರಗಿ, ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಮನೆಗಳಲ್ಲಿ ದಿನವೂ ಕೇಳುವ ಮಾತು ಇದು. ಹೇಳುವುದು ಬೇರೆ, ಹೇಳಿಕೊಳ್ಳುವುದು ಬೇರೆ. ಸುದ್ದಿಯನ್ನು ಹೇಳುತ್ತೇವೆ, ಸಂಕಟವನ್ನು ಹೇಳಿಕೊಳ್ಳುತ್ತೇವೆ. ಆ ‘ಕೊಳ್ಳು’ ಸೇರಿದ ಕೂಡಲೇ ಮಾತು ಹೇಳಿದವರ ಕಡೆಗೇ ಹೊರಳಿ ಅವರ ಎದೆಯನ್ನು ಹಗುರ ಮಾಡುತ್ತದೆ. ‘ತೋಡಿಕೊಳ್ಳು’ ಎಂಬುದು ಅದಕ್ಕಿಂತ ಆಳ. ಬೇಸಿಗೆಯಲ್ಲಿ ಹೊಳೆ ಒಣಗಿದಾಗ ಉಸುಕಿನಲ್ಲಿ ವರ್ತಿ ತೋಡುತ್ತಾರೆ. ಕೈ ಕೈಯಾಗಿ ಉಸುಕು ತೆಗೆದಂತೆ ಮೊದಲು ಬರುವುದು ರಾಡಿ ನೀರು. ತುಸು ಹೊತ್ತು ಕಾದರೆ ತಿಳಿ ನೀರು. ದುಃಖ ತೋಡಿಕೊಂಡವರ ಮಾತೂ ಹೀಗೆಯೇ ಬರುತ್ತದೆ, ಮೊದಲು ಸಿಟ್ಟು, ಆಮೇಲೆ ತಿಳಿ.

ಪುಸ್ತಕದ ಕನ್ನಡದಲ್ಲಿ ಇದಕ್ಕೆ ‘ಮೊರೆ’ ಎಂಬ ಶಬ್ದವಿದೆ. ಆಯಿಯ ಬಾಯಲ್ಲಿ ಆ ಶಬ್ದ ನಾನು ಕೇಳಿದ್ದಿಲ್ಲ. ಆದರೆ ಅವಳು ದಿನಾ ಮಾಡುತ್ತಿದ್ದುದು ಅದನ್ನೇ. ನಮ್ಮದೊಂದೇ ಭಾಷೆಯ ಶಬ್ದವಲ್ಲ ಇದು. ತೆಲುಗರು ‘ಮೊರ’ ಎನ್ನುತ್ತಾರೆ. ತಮಿಳರು ‘ಮುರೈಯಿಡು’ ಎಂದರೆ ದೂರು ಹೇಳಿಕೊಳ್ಳುವುದು. ತಮಿಳಿನ ‘ಮುರೈ’ಗೆ ಕ್ರಮ, ನ್ಯಾಯ, ನಂಟು ಎಂಬ ಅರ್ಥಗಳೂ ಇವೆ. ಶಕಟರೇಫದಲ್ಲಿ ಬರೆಯುತ್ತಿದ್ದ ಹಳಗನ್ನಡದ ‘ಮೊಱೆ’ಗೂ ನಡತೆ, ಕರ್ತವ್ಯ, ಸಂಬಂಧ ಎಂಬ ಅರ್ಥಗಳಿದ್ದವು. ಈ ಅರ್ಥಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದಾಗ ನನಗೆ ಆಯಿಯ ಬೈಗುಳ ಅರ್ಥವಾಯಿತು. ದಾರಿಹೋಕನ ಹತ್ತಿರ ಯಾರೂ ತಕರಾರು ಮಾಡುವುದಿಲ್ಲ. ತಕರಾರು ಮಾಡುವುದು ನಮ್ಮವರ ಹತ್ತಿರ. ನಂಟು ಇರುವಲ್ಲಿ ಹಕ್ಕು, ಹಕ್ಕು ಇರುವಲ್ಲಿ ಮೊರೆ.

ಅದಕ್ಕೇ ಮೊರೆಯನ್ನು ಬೇಡಿಕೆಯ ಜೊತೆ, ಹರಕೆಯ ಜೊತೆ ಬೆರೆಸಬಾರದು. ಬೇಡಿಕೆ ಇಲ್ಲದ್ದನ್ನು ಕೊಡು ಎನ್ನುತ್ತದೆ. ಹರಕೆ ನೀನು ಕೊಟ್ಟರೆ ನಾನೂ ಕೊಡುತ್ತೇನೆ ಎನ್ನುತ್ತದೆ, ಅದು ಕರಾರು. ಮೊರೆಯಲ್ಲಿ ಕರಾರಿಲ್ಲ. ‘ನೀನು ಇರುವಾಗ ನನಗೆ ಹೀಗಾಗಬಹುದೇ’ ಎಂಬ ಪ್ರಶ್ನೆಯಷ್ಟೇ ಅದರಲ್ಲಿರುವುದು. ಆ ಪ್ರಶ್ನೆ ಕೇಳಲು ನಂಬಿಕೆ ಬೇಕು. ದೇವರಿಲ್ಲ ಎಂದುಕೊಂಡವರು ದೇವರ ಮೇಲೆ ಸಿಟ್ಟಾಗುವುದಿಲ್ಲ.

ಅಳಲಿಗೂ ಮೊರೆಗೂ ಇರುವ ಅಂತರ ತಿಳಿಯಲು ನಾವು ದೂರ ಹೋಗಬೇಕಿಲ್ಲ. ರನ್ನ ನಮ್ಮ ಮುಧೋಳದವನು, ಹತ್ತನೆಯ ಶತಮಾನದ ಕವಿ. ಅವನ ‘ಗದಾಯುದ್ಧ’ದಲ್ಲಿ ದುರ್ಯೋಧನ ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತಾನೆ. ಗುರು ದ್ರೋಣ, ತಮ್ಮ ದುಶ್ಶಾಸನ, ಮಗ ಲಕ್ಷಣ, ಗೆಳೆಯ ಕರ್ಣ, ಒಬ್ಬೊಬ್ಬರ ಮುಂದೆಯೂ ನಿಂತು ಎದೆಯೊಡೆದು ಮಾತಾಡುತ್ತಾನೆ. ಸತ್ತವರು ಉತ್ತರ ಕೊಡುವುದಿಲ್ಲ. ಅದು ಅಳಲು. ಗದುಗಿನ ಕುಮಾರವ್ಯಾಸನ ಭಾರತದಲ್ಲಿ ದ್ರೌಪದಿ ತುಂಬಿದ ಸಭೆಯಲ್ಲಿ ಗಂಡಂದಿರನ್ನೂ ಹಿರಿಯರನ್ನೂ ಕೇಳಿ, ಯಾರೂ ತುಟಿ ಬಿಚ್ಚದಾಗ ಕೃಷ್ಣನನ್ನು ಕೂಗುತ್ತಾಳೆ. ಅದು ಮೊರೆ. ಅಳಲಿಗೆ ಕೇಳುವವರು ಇಲ್ಲದಿದ್ದರೂ ನಡೆಯುತ್ತದೆ. ಕೇಳುವ ಕಿವಿಯೊಂದು ಎಲ್ಲೋ ಇದೆ ಎಂದು ತಿಳಿದಾಗ ಅದೇ ಅಳಲು ಮೊರೆಯಾಗುತ್ತದೆ.

ಹಿಪ್ಪರಗಿಯ ಬ್ಯಾರೇಜು ದಾಟಿದ ಕೃಷ್ಣೆ ಆಲಮಟ್ಟಿಗೆ ಹೋಗಿ, ಅಲ್ಲಿಂದ ಮುಂದೆ ಕೂಡಲಸಂಗಮದಲ್ಲಿ ಮಲಪ್ರಭೆಯನ್ನು ಕೂಡುತ್ತಾಳೆ. ಆ ಸಂಗಮದ ದೇವರನ್ನೇ ಬಸವಣ್ಣ ತಮ್ಮ ಅಂಕಿತ ಮಾಡಿಕೊಂಡರು. ಅವರ ವಚನಗಳಲ್ಲಿ ಸ್ತುತಿ ಇದ್ದಷ್ಟೇ ತಕರಾರೂ ಇದೆ. ತಮ್ಮ ಮನಸ್ಸಿನ ಚಂಚಲತೆಯನ್ನು, ಸಂಸಾರದ ಕಾಟವನ್ನು, ದೇವರ ಮೌನವನ್ನು ಅವರು ಮುಚ್ಚುಮರೆಯಿಲ್ಲದೆ ಸಂಗಯ್ಯನ ಮುಂದಿಟ್ಟರು. ಕರೆದದ್ದು ನಂಟಿನ ಹೆಸರುಗಳಿಂದ, ಮಾತಾಡಿದ್ದು ಏಕವಚನದಲ್ಲಿ. ದಾಸರಿಗೂ ಈ ಸಲಿಗೆ ಇತ್ತು. ದೇವರನ್ನು ಆಡಿಕೊಳ್ಳುತ್ತಲೇ ಹೊಗಳುವ ಅವರ ಹಾಡುಗಳಿಗೆ ನಿಂದಾಸ್ತುತಿ ಎಂಬ ಹೆಸರೇ ಇದೆ. ದೇವರ ಜೊತೆ ಜಗಳಾಡುವುದಕ್ಕೆ ಒಂದು ಕಾವ್ಯಪ್ರಕಾರವನ್ನೇ ಕಟ್ಟಿಕೊಟ್ಟ ಭಾಷೆ ನಮ್ಮದು.

ಮೊಹರಂ ಬಂದರೆ ನಮ್ಮ ಹಳ್ಳಿಗಳಲ್ಲಿ ಅಲಾವಿ ಕುಣಿಯ ಸುತ್ತ ಹೆಜ್ಜೆ ಹಾಕುತ್ತ ರಿವಾಯತ ಪದ ಹಾಡುತ್ತಾರೆ. ಕ್ರಿ.ಶ. 680ರಲ್ಲಿ ಕರ್ಬಲಾದ ಮರುಭೂಮಿಯಲ್ಲಿ ನೀರಿಲ್ಲದೆ, ನ್ಯಾಯವಿಲ್ಲದೆ ಮಡಿದ ಹುಸೇನರ ದುಃಖ ಅದು. ಹಾಡುವ ಭಾಷೆ ನಮ್ಮ ಜವಾರಿ ಕನ್ನಡ. ಹಾಡುವವರಲ್ಲಿ ಮುಸಲ್ಮಾನರೂ ಇರುತ್ತಾರೆ, ಲಿಂಗಾಯತರೂ ಕುರುಬರೂ ಇರುತ್ತಾರೆ. ನೀರಿಗಾಗಿ ಬಾಯಾರಿದವರ ಕಥೆ ಈ ಬಯಲುಸೀಮೆಯವರಿಗೆ ತಮ್ಮದೇ ಕಥೆಯಂತೆ ಕೇಳಿಸಿದ್ದರೆ ಅಚ್ಚರಿಯಿಲ್ಲ. ಕನ್ನಡ ಬೈಬಲ್ಲಿನಲ್ಲಿಯೂ ‘ಮೊರೆ’ ಮತ್ತೆ ಮತ್ತೆ ಬರುವ ಶಬ್ದ. ಅಲ್ಲಿನ 150 ಕೀರ್ತನೆಗಳಲ್ಲಿ ಬಹಳಷ್ಟು ದುಃಖದ ಕೂಗುಗಳೇ. ‘ಪ್ರಲಾಪಗಳು’ ಎಂಬ ಗ್ರಂಥ ಇಡಿಯಾಗಿ ಅಳುವೇ. ಯೇಸು ಶಿಲುಬೆಯ ಮೇಲೆ ತನ್ನನ್ನೇಕೆ ಕೈಬಿಟ್ಟೆ ಎಂದು ದೇವರನ್ನು ಕೇಳಿದ ಮಾತು 22ನೆಯ ಕೀರ್ತನೆಯ ಮೊದಲ ಮಾತು. ಪ್ರಾಣ ಹೋಗುವ ಹೊತ್ತಿನಲ್ಲಿ ಅವನ ಬಾಯಿಗೆ ಬಂದದ್ದು ಹಿರಿಯರು ಹಾಡಿಟ್ಟಿದ್ದ ಒಂದು ಹಳೆಯ ಮೊರೆ.

ಮೊರೆ ಒಬ್ಬರದೇ ಆಗಬೇಕೆಂದಿಲ್ಲ, ಇಡೀ ಊರಿನದೂ ಆಗುತ್ತದೆ. ಮಳೆ ಕೈಕೊಟ್ಟ ವರ್ಷ ಮಳೆ ಬೇಡಲು ಗುರ್ಜಿ ಹೊರಡುವುದನ್ನು ನೋಡಿದವರಿಗೆ ಇದು ಗೊತ್ತು. ರೊಟ್ಟಿ ಸುಡುವ ಹಂಚನ್ನು ತಲೆಯ ಮೇಲೆ ಬೋರಲು ಹೊತ್ತು, ಅದರ ಮೇಲೆ ಸಗಣಿಯಲ್ಲಿ ಮಾಡಿದ ಗುರ್ಜಿಯನ್ನು ಕೂಡಿಸಿ, ಗುರ್ಜಿಗೆ ಗರಿಕೆ ಸಿಕ್ಕಿಸಿ ಹುಡುಗನೊಬ್ಬ ಮನೆ ಮನೆಯ ಮುಂದೆ ನಿಲ್ಲುತ್ತಾನೆ. ಮನೆಯಾಕೆ ಹೊರಗೆ ಬಂದು ಒಂದು ಕೊಡ ನೀರನ್ನು ಗುರ್ಜಿಯ ಮೇಲೆ ಸುರಿಯುತ್ತಾಳೆ. ಹುಡುಗ ನೀರಿನ ಕೆಳಗೆ ಗಿರಗಿರ ತಿರುಗುತ್ತಾನೆ. ಹಂಚಿನ ಮಸಿ, ಸಗಣಿ, ನೀರು ಕೂಡಿ ಅವನ ಮುಖದ ಮೇಲೆ ಇಳಿಯುತ್ತವೆ. ಜೊತೆಗಿದ್ದವರು ಹಾಡುತ್ತಾರೆ, ಜೋಳದ ಹಿಟ್ಟು ಇಸಿದುಕೊಂಡು ಮುಂದಿನ ಮನೆಗೆ ನಡೆಯುತ್ತಾರೆ. ನನಗೆ ಅದರಲ್ಲಿ ಕಾಣುವುದು ಆ ಕೊಡ ನೀರು. ಕುಡಿಯಲು ನೀರು ಸಾಲದ ದಿನಗಳಲ್ಲಿ ಒಂದು ಕೊಡ ಸುರಿದುಬಿಡುತ್ತಾರೆ. ‘ನಮ್ಮ ಹತ್ತಿರ ಇದ್ದದ್ದು ಇಷ್ಟು, ಇನ್ನು ನೀನು ನೋಡು’ ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ.

ನೀರು ಹೆಚ್ಚಾದಾಗಲೂ ಮೊರೆ ತಪ್ಪಿದ್ದಲ್ಲ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿದು, ಕೊಯ್ನಾದಿಂದ ನೀರು ಬಿಟ್ಟರೆ ಹಿಪ್ಪರಗಿಯಲ್ಲಿ ಗೇಟು ಎತ್ತುತ್ತಾರೆ. 2005, 2019, 2021ರಲ್ಲಿ ಕೃಷ್ಣೆ ದಂಡೆಯ ಊರುಗಳಿಗೆ ನುಗ್ಗಿದಳು. 2019ರ ಆಗಸ್ಟಿನಲ್ಲಿ ಮುಧೋಳದ ಕಡೆ ಘಟಪ್ರಭೆಯೂ ಉಕ್ಕಿದಳು. ಆ ದಿನಗಳ ಹೊಳೆಯ ಸದ್ದಿಗೆ ಕನ್ನಡದಲ್ಲಿ ಒಂದು ಶಬ್ದವಿದೆ: ಮೊರೆತ. ಹೊಳೆ ಮೊರೆಯುತ್ತಿತ್ತು, ಜನ ಮೊರೆಯಿಡುತ್ತಿದ್ದರು. ಕಾಳಜಿ ಕೇಂದ್ರದ ಶಾಲೆಯ ಕೋಣೆಗಳಲ್ಲಿ ಚಾಪೆ ಹಾಸಿಕೊಂಡವರು ನೀರು ಇಳಿದ ಮೇಲೆ ಮನೆಗೆ ಮರಳಿ ರಾಡಿ ಬಳಿದರು, ನೀರು ಕುಡಿದ ಜೋಳವನ್ನು ಹೊರಗೆ ಚೆಲ್ಲಿದರು, ಕೆಸರು ತುಂಬಿದ ಜಗಲಿಯನ್ನು ತೊಳೆದು ಮತ್ತೆ ದೀಪ ಹಚ್ಚಿದರು. ಅವತ್ತು ದೇವರ ಮುಂದೆ ಸ್ತುತಿ ಯಾರ ಬಾಯಿಗೂ ಬಂದಿರಲಿಕ್ಕಿಲ್ಲ. ತಕರಾರು ಹೇಳಲಿಕ್ಕಾದರೂ ದೀಪ ಹಚ್ಚಿದರಲ್ಲ, ಅದು ದೊಡ್ಡದು.

ಮೊರೆಗೆ ಮೂರು ಕ್ರಿಯಾಪದಗಳು ಜೊತೆಯಾಗುತ್ತವೆ. ಮೊರೆ ಇಡುತ್ತೇವೆ, ಹೊತ್ತ ಹೊರೆಯನ್ನು ಇಳಿಸಿಡುವ ಹಾಗೆ. ಮೊರೆ ಹೋಗುತ್ತೇವೆ. ಹಳಬರು ‘ಮೊರೆಹೊಕ್ಕೆ’ ಎನ್ನುತ್ತಿದ್ದರು, ಅಂದರೆ ಒಳಗೆ ಪ್ರವೇಶಿಸಿದೆ. ಶಾಸನಗಳಲ್ಲಿ ವೀರರನ್ನು ಹೊಗಳುವಾಗ ಮರೆಹೊಕ್ಕವರನ್ನು ಕಾಯುವವನು ಎಂಬ ಮಾತು ಬರುತ್ತದೆ. ಮರೆಯೂ ಮೊರೆಯೂ ಇಲ್ಲಿ ಒಂದಕ್ಕೊಂದು ತೀರ ಹತ್ತಿರ. ಕೂಗಿದವನಿಗೆ ಆಸರೆ ಸಿಗಬೇಕು. ಮೂರನೆಯದು ಮೊರೆ ಕೇಳುವುದು. ಇದು ನಮ್ಮ ಕೈಯಲ್ಲಿಲ್ಲ, ಎದುರಿನವರ ಧರ್ಮ.

ಇಂದಿನ ಪತ್ರಿಕೆಗಳಲ್ಲಿ ನಡುವಿನ ಕ್ರಿಯಾಪದವೊಂದೇ ಉಳಿದಂತಿದೆ. ಹೈಕೋರ್ಟ್ ಮೊರೆ ಹೋದರು, ಟ್ಯಾಂಕರ್ ಮೊರೆ ಹೋದರು, ಗೂಗಲ್ ಮೊರೆ ಹೋದರು. ಕೋರ್ಟಿಗೆ ಈ ಶಬ್ದ ಒಪ್ಪುತ್ತದೆ, ಅಲ್ಲಿ ನ್ಯಾಯ ಕೇಳುವವರಿದ್ದಾರೆ. ಟ್ಯಾಂಕರಿಗೂ ಗೂಗಲಿಗೂ ಕಿವಿಯಿಲ್ಲ. ಬಳಸುವುದು, ತರಿಸುವುದು, ಹುಡುಕುವುದು ಎಂದರೆ ಸಾಕಾಗುವ ಕಡೆ ಇಂಥ ಶಬ್ದವನ್ನು ಸವೆಸಬಾರದು. ಸವೆದ ಶಬ್ದ ನಿಜವಾದ ಸಂಕಟ ಬಂದ ದಿನ ಕೈಗೆ ಸಿಗುವುದಿಲ್ಲ.

ಮೊರೆಯಿಡುವವರು ಕೈಲಾಗದವರು ಎಂಬ ಮಾತು ಇದೆ. ನಮ್ಮ ಜಮಖಂಡಿ ತಾಲ್ಲೂಕು ಅದನ್ನು ಸುಳ್ಳು ಮಾಡಿ ತೋರಿಸಿದೆ. ಕೃಷ್ಣೆಗೆ ಅಡ್ಡ ಬ್ಯಾರೇಜು ಕಟ್ಟಿಕೊಡಿ ಎಂದು ಸರಕಾರಕ್ಕೆ ವರ್ಷಗಟ್ಟಲೆ ಅಹವಾಲು ಕೊಟ್ಟ ರೈತರು, ಅದು ಆಗದೆಂದು ತಿಳಿದಾಗ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಾವೇ ಹಣ ಕೂಡಿಸಿ, ಬೆವರು ಸುರಿಸಿ 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರ ಎಂದು ಹೆಸರಿಟ್ಟರು. ಮುಂಜಾನೆ ಜಗಲಿಯ ಮುಂದೆ ಹೇಳಿಕೊಳ್ಳುವ ಮನೆಗಳಿಂದಲೇ ಆ ಕೈಗಳು ಬಂದವು. ಆಯಿಯೂ ಅಷ್ಟೇ. ಕಣ್ಣೊರೆಸಿಕೊಂಡ ಮೇಲೆ ಅವಳು ಎದ್ದು ಒಲೆ ಹೊತ್ತಿಸುತ್ತಿದ್ದಳು.

ಗುಡಿಯಲ್ಲೋ ದರ್ಗಾದಲ್ಲೋ ಚರ್ಚಿನಲ್ಲೋ ಯಾರಾದರೂ ದೇವರ ಮುಂದೆ ಬಿಕ್ಕುತ್ತಿದ್ದರೆ ನಾವು ಗಡಬಡಿಸಿ “ಅಳಬ್ಯಾಡ, ದೇವರು ನೋಡ್ಕೋತಾನ” ಎಂದು ಬಾಯಿ ಮುಚ್ಚಿಸುತ್ತೇವೆ. “ಹಂಗ ಅನಬಾರ್ದು, ಪಾಪ ಹತ್ತತೈತಿ” ಎಂದು ಹೆದರಿಸುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ. ಅವರು ಅಳುತ್ತಿರುವುದು ನಂಬಿಕೆ ಹೋಗಿದೆ ಎಂದಲ್ಲ, ಇನ್ನೂ ಇದೆ ಎಂದು. ಅವರ ಮಾತು ಮುಗಿಯುವವರೆಗೆ ಪಕ್ಕದಲ್ಲಿ ಸುಮ್ಮನೆ ಕೂತಿರಿ. ಮೊರೆ ದೇವರಿಗೆ ಇಟ್ಟದ್ದೇ ಇರಬಹುದು, ಆ ಹೊತ್ತಿಗೆ ಅದು ಬಿದ್ದಿರುವುದು ನಿಮ್ಮ ಕಿವಿಯ ಮೇಲೆ.