ತಾಲ್ಲೂಕು ಕಚೇರಿಯ ಕೋಣೆಯಿಂದ ದರ್ಗಾ ಜೈಲಿನವರೆಗೆ

ಬಿಜಾಪುರದ ಸುತ್ತಲಿನ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ಸೆರೆಮನೆಯು ಬಹುಕಾಲ ಪ್ರತ್ಯೇಕ ಸಂಸ್ಥೆಯಾಗಿರದೆ ಕಂದಾಯ ಕಚೇರಿಗೆ ಅಂಟಿಕೊಂಡ ಕೋಣೆಯಾಗಿತ್ತು. 1864ರಲ್ಲಿ ಮುಂಬಯಿ ಪ್ರಾಂತದೊಳಗೆ ಕಲಾದಗಿ ಜಿಲ್ಲೆ ರೂಪುಗೊಂಡ ಮೇಲೆ ಈ ತಾಲ್ಲೂಕುಗಳ ಆಡಳಿತವು ಮಾಮಲೇದಾರನ, ಅಂದರೆ ಇಂದಿನ ತಹಶೀಲ್ದಾರನಿಗೆ ಸಮಾನನಾದ ಅಧಿಕಾರಿಯ ಕೈಯಲ್ಲಿತ್ತು. ಭೂಕಂದಾಯ ವಸೂಲಿ ಮಾಡುತ್ತಿದ್ದ ಅವನೇ ದಂಡಾಧಿಕಾರಿಯಾಗಿ ಸಣ್ಣ ಮೊಕದ್ದಮೆಗಳನ್ನು ವಿಚಾರಿಸುತ್ತಿದ್ದನು ಮತ್ತು ಎರಡನೆಯ ದರ್ಜೆಯ ಅಧಿಕಾರವಿದ್ದರೆ ಆರು ತಿಂಗಳವರೆಗೆ ಸಜೆ ವಿಧಿಸಬಲ್ಲವನಾಗಿದ್ದನು. ಖಜಾನೆಯೂ ಬಂದೀಖಾನೆಯೂ ಒಂದೇ ಆವರಣದಲ್ಲಿದ್ದುದರಿಂದ ತಿಜೋರಿಗೂ ಕೈದಿಗೂ ಒಂದೇ ಪೊಲೀಸ್ ಪಹರೆ ಸಾಕಾಗುತ್ತಿತ್ತು. ಸರಕಾರಕ್ಕೆ ಮಿತವ್ಯಯದ್ದಾಗಿದ್ದ ಈ ಏರ್ಪಾಡು ಕೈದಿಯ ಪಾಲಿಗೆ ನ್ಯಾಯದ್ದಾಗಿರಲಿಲ್ಲ. ವಸೂಲಿಯ ಅಧಿಕಾರ ಮತ್ತು ಸಜೆಯ ಅಧಿಕಾರ ಒಬ್ಬನಲ್ಲೇ ಕೂಡಿದ್ದ ಪದ್ಧತಿಯು, ಮುಂಬಯಿ ರಾಜ್ಯದ 1951ರ ಕಾಯಿದೆ ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರ್ಪಡಿಸುವವರೆಗೂ ಮುಂದುವರಿಯಿತು.

ದೀರ್ಘ ಸಜೆಯವರು ಜಿಲ್ಲಾ ಕೇಂದ್ರವಾದ ಕಲಾದಗಿಯ ಜೈಲಿಗೆ ಹೋಗಬೇಕಿತ್ತು. ಕಲಾದಗಿ ಘಟಪ್ರಭೆಯ ದಕ್ಷಿಣ ದಂಡೆಯ ಊರಾದ್ದರಿಂದ ಭೀಮಾತೀರದ ಇಂಡಿಯ ಕೈದಿ ಕೃಷ್ಣೆಯನ್ನು ದಾಟದೆ ಅಲ್ಲಿಗೆ ತಲುಪುವಂತಿರಲಿಲ್ಲ. ಹೊಟಗಿ-ಗದಗ ರೈಲು ಮಾರ್ಗ ಬಂದು, 1885ರಲ್ಲಿ ಜಿಲ್ಲಾ ಕೇಂದ್ರ ಬಿಜಾಪುರಕ್ಕೆ ವರ್ಗವಾದಾಗ, ಪಾಳುಬಿದ್ದ ಆದಿಲಶಾಹಿ ಕಟ್ಟಡಗಳೇ ಸರಕಾರಿ ಕಚೇರಿಗಳಾದವು.

ಬಿಜಾಪುರದ ಜೈಲಿನ ಕಥೆಯೂ ಇದೇ. ಮುಹಮ್ಮದ್ ಆದಿಲಶಾಹನ ಮಂತ್ರಿ ಮುಸ್ತಫಾ ಖಾನನು 1640ರ ಸುಮಾರಿಗೆ ಊರಿನ ಪಶ್ಚಿಮಕ್ಕೆ ಕಟ್ಟಿಸಿದ ಸರಾಯಿ, ಅಂದರೆ ವರ್ತಕರೂ ದಾರಿಹೋಕರೂ ರಾತ್ರಿ ತಂಗುವ ಛತ್ರ, ಬ್ರಿಟಿಷರ ಕಾಲದಲ್ಲಿ ಜೈಲಾಯಿತು. ಸಮೀಪದ ದರ್ಗಾದಿಂದಾಗಿ ಜನರ ಬಾಯಲ್ಲಿ ಅದು ದರ್ಗಾ ಜೈಲು. ಕಳ್ಳರು ಒಳನುಗ್ಗದಂತೆ ಎತ್ತರದ ಗೋಡೆ, ನಡುವೆ ಅಂಗಳ, ಸುತ್ತಲೂ ಕೋಣೆಗಳು: ಸರಾಯಿಗೆ ಬೇಕಾದುದೆಲ್ಲ ಜೈಲಿಗೂ ಒದಗುವಂಥದ್ದೇ ಆಗಿತ್ತು.

1894ರ ಕಾರಾಗೃಹ ಕಾಯಿದೆಯು ಹೆಂಗಸರನ್ನು ಗಂಡಸರಿಂದ, ವಿಚಾರಣಾಧೀನರನ್ನು ಶಿಕ್ಷೆಗೊಳಗಾದವರಿಂದ ಬೇರೆಯಾಗಿ ಇಡಬೇಕೆಂದು ವಿಧಿಸಿತು. ಕಠಿಣ ದುಡಿಮೆಯನ್ನು ಸಾಮಾನ್ಯವಾಗಿ ದಿನಕ್ಕೆ ಒಂಬತ್ತು ಗಂಟೆಗೆ ಮಿತಿಗೊಳಿಸಿತು. ಅದರ 31ನೆಯ ಕಲಮು ಈ ತಾಲ್ಲೂಕುಗಳಿಗೆ ಹೆಚ್ಚು ಮಹತ್ವದ್ದಾಗಿತ್ತು: ಇನ್ನೂ ತೀರ್ಪಾಗದ ಕೈದಿ ನಿಯಮಗಳಿಗೆ ಒಳಪಟ್ಟು ಹೊರಗಿನಿಂದ ಊಟ-ಬಟ್ಟೆ ತರಿಸಿಕೊಳ್ಳಬಹುದಾಗಿತ್ತು. ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಂಡು ಹಳ್ಳಿಯಿಂದ ನಡೆದುಬರುವ ಮನೆಯವರಿಗೆ ತಾಲ್ಲೂಕು ಕಚೇರಿ ಎಟುಕುತ್ತಿತ್ತು, ಬಿಜಾಪುರ ಎಟುಕುತ್ತಿರಲಿಲ್ಲ. ಕಚೇರಿಯ ಕೋಣೆಗಿದ್ದ ಒಂದೇ ಗುಣ ಈ ಸಾಮೀಪ್ಯವೆನ್ನಬೇಕು.

ಗೋಡೆಯಿಲ್ಲದ ಸೆರೆಯೊಂದೂ ಇತ್ತು. 1911ರ ಅಪರಾಧಿ ಬುಡಕಟ್ಟು ಕಾಯಿದೆಯು ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಘೋಷಿಸಲು ಅವಕಾಶ ಕೊಟ್ಟಿತು. ಸ್ಟಾರ್ಟ್ ಎಂಬ ಐ.ಸಿ.ಎಸ್. ಅಧಿಕಾರಿಯ ಹೆಸರಿನೊಂದಿಗೆ ಬೆಸೆದುಕೊಂಡ ಬಿಜಾಪುರದ ಸೆಟ್ಲಮೆಂಟಿನಲ್ಲಿ, ಅಂದರೆ ಕಾವಲಿನ ವಸಾಹತಿನಲ್ಲಿ, ಅಂಥ ಕುಟುಂಬಗಳು ಹಾಜರಿ ಕೊಟ್ಟು ಬದುಕಬೇಕಾಯಿತು. ಸುಧಾರಣೆಯೆಂದು ಅದನ್ನು ಆಗ ಹೊಗಳಿದವರಿದ್ದರು, ಆದರೆ ಯಾವ ಅಪರಾಧವನ್ನೂ ಮಾಡದ ಮಕ್ಕಳೂ ಅದರೊಳಗಿದ್ದರೆಂಬುದನ್ನು ಮರೆಯುವಂತಿಲ್ಲ. ಸ್ವತಂತ್ರ ಭಾರತ 1952ರಲ್ಲಿ ಈ ಬಗೆಯ ಕಾನೂನನ್ನು ರದ್ದುಪಡಿಸಿತು.

1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ದರ್ಗಾ ಜೈಲು ಈಗ ರಾಜ್ಯದ ಕೇಂದ್ರ ಕಾರಾಗೃಹಗಳಲ್ಲೊಂದು. 2022ರ ಅಂತ್ಯಕ್ಕೆ ದೇಶದ ಕೈದಿಗಳಲ್ಲಿ ಶೇ. 75ಕ್ಕೂ ಹೆಚ್ಚು ಮಂದಿ ವಿಚಾರಣಾಧೀನರಾಗಿದ್ದರು. ಅಂಥವರನ್ನು ಕಾಣಲು ಮುದ್ದೇಬಿಹಾಳದಿಂದ ಸುಮಾರು 80 ಕಿ.ಮೀ. ದೂರದಲ್ಲಿರುವ ದರ್ಗಾ ಜೈಲಿಗೆ ಬಂದು ಹೋಗುವುದೆಂದರೆ ಕೂಲಿಯವರಿಗೆ ಒಂದು ದಿನದ ದುಡಿಮೆ ತಪ್ಪಿದಂತೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮಿನಂತೆ, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಪ್ರಕರಣವಲ್ಲದಿದ್ದರೆ ಮತ್ತು ಬೇರೆ ಮೊಕದ್ದಮೆಗಳು ಬಾಕಿ ಇರದಿದ್ದರೆ, ಗರಿಷ್ಠ ಸಜೆಯ ಅರ್ಧ ಅವಧಿಯನ್ನು, ಹಿಂದೆ ಎಂದೂ ಶಿಕ್ಷೆಗೊಳಗಾಗದವನಾದರೆ ಮೂರನೆಯ ಒಂದು ಅವಧಿಯನ್ನು ಒಳಗೇ ಕಳೆದವನ ಬಿಡುಗಡೆಗೆ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸುವ ಹೊಣೆ ಕಾರಾಗೃಹದ ಅಧೀಕ್ಷಕನದೇ ಆಗಿದೆ. ಕೈದಿಯ ಮನೆಯವರು ಇದನ್ನು ತಿಳಿದಿರಬೇಕು.