ಸ್ಯಾಲರಿಯಲ್ಲಿ ಉಪ್ಪೆಷ್ಟು?

ರೋಮಿನ ಸೈನಿಕರಿಗೆ ಕೂಲಿಯಾಗಿ ಉಪ್ಪನ್ನೇ ಅಳೆದು ಕೊಡುತ್ತಿದ್ದರು, ಇಂಗ್ಲಿಷಿನ ‘ಸ್ಯಾಲರಿ’ ಹುಟ್ಟಿದ್ದು ಹಾಗೆ ಎಂಬ ಕಥೆ ಜನಪ್ರಿಯ. ಪದದ ಬೇರಿನ ಮಾತೇನೋ ದಿಟ: ಲ್ಯಾಟಿನ್ನಿನ ‘ಸಲಾರಿಯಮ್’ನೊಳಗೆ ಉಪ್ಪು ಎಂಬರ್ಥದ ‘ಸಾಲ್’ ಇದೆ. ಆದರೆ ಪದದ ಬೇರು ಪದ್ಧತಿಗೆ ಸಾಕ್ಷಿಯಾಗದು. ಕ್ರಿ.ಪೂ. 2ನೇ ಶತಮಾನದ ಇತಿಹಾಸಕಾರ ಪಾಲಿಬಿಯಸ್, ಗ್ರೀಕ್ ನಾಣ್ಯದ ಲೆಕ್ಕದಲ್ಲಿ, ಕಾಲಾಳಿಗೆ ದಿನಕ್ಕೆ 2 ಒಬಲ್ ಎನ್ನುತ್ತಾನೆ. ಧಾನ್ಯ, ಬಟ್ಟೆಯ ಬೆಲೆಯನ್ನು ಅದರಲ್ಲೇ ಮುರಿದುಕೊಳ್ಳುತ್ತಿದ್ದರು. ಸೈನಿಕರ ಆ ವೇತನದ ಹೆಸರೂ ಬೇರೆ, ‘ಸ್ಟಿಪೆಂಡಿಯಮ್’.

ರೋಮನ್ ಲೇಖಕ ಪ್ಲಿನಿಯೇ ಉಪ್ಪಿಗೂ ಸಲಾರಿಯಮ್‌ಗೂ ನಂಟು ಹೇಳಿದ್ದಾನಲ್ಲ ಎಂದು ಆಕ್ಷೇಪಿಸಬಹುದು. ಕ್ರಿ.ಶ. 1ನೇ ಶತಮಾನದ ಆತ ಹೇಳಿದ್ದು ಹೆಸರಿನ ನಂಟನ್ನು. ಉಪ್ಪನ್ನೇ ಸಂಬಳವಾಗಿ ಹಂಚಿದರೆಂದಲ್ಲ. ಉಪ್ಪು ಕೊಳ್ಳಲು ಕೊಟ್ಟ ಭತ್ಯೆ ಎಂಬ ವಿವರಣೆಯೂ ನಂತರದವರ ಊಹೆ. ಹೆಸರು ಉಪ್ಪಿನದು, ಸಂಬಳ ನಾಣ್ಯದ್ದು ಎನ್ನುವಷ್ಟಕ್ಕೆ ಮಾತ್ರ ದಾಖಲೆಗಳ ಬೆಂಬಲವಿದೆ.