ಸಂಜೀಮುಂದ ಎಲ್ಲಿ ಕುಂಡ್ರಬೇಕು?

“ಕುಡಿಯೋದು ಬಿಟ್ಟೀನಪಾ ತಮ್ಮಾ, ಖರೆ. ಆದ್ರ ಸಂಜೀಮುಂದ ಎಲ್ಲಿ ಹೋಗಿ ಕುಂಡ್ರಲಿ?”

ನವಲಗುಂದ ಕಡೆಯ ನಮ್ಮ ಕೇರಿಯ ಕಾಕಾ ಒಬ್ಬರು ಹೀಗೆ ಕೇಳಿದರು. ಬಿಟ್ಟು ಆಗ ಹದಿನೈದು ದಿನ. ಊರ ಗುಡಿಯ ಕಟ್ಟೆ ಅವರದಲ್ಲ. ಚಾದಂಗಡಿಯ ಮುಂದೆ ಕುಡಿಯುವ ಗೆಳೆಯರು ಕೈಮಾಡಿ ಕರೆಯುತ್ತಾರೆ. ಮನೆಯೆಂದರೆ ಒಂದೇ ಕೋಣೆ. ಬುದ್ಧಿ ಹೇಳಲು ಹೋದವನು ನಾನು, ಸುಮ್ಮನೆ ನಿಂತೆ. ನಮ್ಮ ಜಿಲ್ಲೆಯ ಕುಡಿತದ ಚರಿತ್ರೆಯನ್ನು ಈ ಒಂದು ಪ್ರಶ್ನೆ ಇಟ್ಟುಕೊಂಡು ಓದಬೇಕಾಗಿದೆ.

ಆಳುವವರಿಗೆ ಹೆಂಡವೆಂದರೆ ರೊಕ್ಕ. 1878ರ ಮುಂಬಯಿ ಅಬಕಾರಿ ಕಾಯ್ದೆ ಬಂದ ಮೇಲೆ ಈಚಲ ಮರದ ಹನಿಯೂ ಸರಕಾರದ ಲೆಕ್ಕಕ್ಕೆ ಸೇರಿತು. ಮರ ಏರುವವನು ಒಬ್ಬ, ಗುತ್ತಿಗೆ ಹಿಡಿಯುವವನು ಇನ್ನೊಬ್ಬ, ಕುಡಿದು ಬೀಳುವವನು ಮಾತ್ರ ದುಡಿಯುವವನು. 1921ರ ಜುಲೈ 1ರಂದು ಧಾರವಾಡದಲ್ಲಿ ಸೆರೆ ಅಂಗಡಿಯ ಮುಂದೆ ಪಿಕೆಟಿಂಗ್ ನಡೆದಾಗ ಪೋಲೀಸರು ಗುಂಡು ಹಾರಿಸಿದರು. ಮೂವರು ಖಿಲಾಫತ್ ಕಾರ್ಯಕರ್ತರು ಸತ್ತರು. ಜಕಣಿ ಬಾವಿಯ ಹತ್ತಿರ ಅವರ ಸ್ಮಾರಕವಿದೆ. ಅಂಗಡಿ ಮುಚ್ಚಿಸಲು ಜೀವ ಕೊಟ್ಟ ನೆಲ ಇದು.

1950ರಲ್ಲಿ ಮುಂಬಯಿ ರಾಜ್ಯ ಪೂರ್ಣ ಪಾನನಿಷೇಧ ತಂದಾಗ ಧಾರವಾಡ ಅದರೊಳಗಿತ್ತು. ಅಂಗಡಿ ಮುಚ್ಚಿತು, ಕಳ್ಳಬಟ್ಟಿಯ ಒಲೆ ಹೊತ್ತಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದೆವು. 1967ರಲ್ಲಿ ಆ ರಾಜ್ಯ ನಿಷೇಧ ತೆಗೆಯಿತು. ಸಾರಾಯಿ ಹರಾಜು ಸುರುವಾಯಿತು, ಗುತ್ತಿಗೆದಾರರು ಚುನಾವಣೆಯನ್ನೂ ಗುತ್ತಿಗೆ ಹಿಡಿದರು. 2007ರಲ್ಲಿ ಮತ್ತೆ ಅದೇ ಜುಲೈ 1ಕ್ಕೆ ಸಾರಾಯಿ ನಿಷೇಧವಾಯಿತು. ಪಾಕೀಟು ಹೋಯಿತು. ಅದೇ ಕೂಲಿಯವನ ಕೈಗೆ ಅದಕ್ಕಿಂತ ತುಟ್ಟಿಯ ಬಾಟಲಿ ಬಂತು. ಹೀಗೆ ಸರಕಾರ ಬಾಗಿಲು ಹಾಕಿತು, ತೆಗೆಯಿತು, ಮತ್ತೆ ಅರ್ಧ ಹಾಕಿತು. ಬಾಗಿಲ ಹೊರಗೆ ನಡುಗುತ್ತ ನಿಂತ ಮನುಷ್ಯ ಮುಂದೇನು ಮಾಡಬೇಕು ಎಂದು ಯಾವ ಕಾಯ್ದೆಯೂ ಕೇಳಲಿಲ್ಲ.

ಕೇಳಿದವರು ಹೆಣ್ಣುಮಕ್ಕಳು. 1927ರ ಡಿಸೆಂಬರಿನಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ನಮ್ಮ ತಾಯಂದಿರಿಗೆ ಹೇಳಿದ್ದರು: ಕುಡಿದು ಬಂದ ಗಂಡನಿಗೂ ಮಗನಿಗೂ ಅನ್ನ ಹಾಕಬೇಡಿ. ‘ಹೆಂಡ ಬೇಡ, ವಸತಿ ಶಾಲೆ ಬೇಕು’ ಎಂದು 80ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕೂಗಿತು. 1992ರಲ್ಲಿ ಆಂಧ್ರದ ನೆಲ್ಲೂರು ಜಿಲ್ಲೆಯಲ್ಲಿ ಅಕ್ಷರ ಕಲಿತ ಕೂಲಿ ಹೆಂಗಸರು ಸಾರಾಯಿ ಅಂಗಡಿ ಕೀಳಿಸಿದರು. 2019ರ ಜನವರಿಯಲ್ಲಿ ನಮ್ಮ ನಾಡಿನ ಸಾವಿರಾರು ಹಳ್ಳಿಯ ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ಹೆಂಗಸರು ಇಷ್ಟು ನಡೆದರೆ ಗಂಡಸರು ನಡೆಯಬೇಕಾದದ್ದು ಎಷ್ಟು? ಒಂದು ಓಣಿಯಷ್ಟು. ಬಿಟ್ಟ ಇನ್ನೊಬ್ಬನ ಮನೆಯ ತನಕ.

ಇದೂ ಚರಿತ್ರೆಯೇ. 1935ರಲ್ಲಿ ಅಮೇರಿಕದ ಆಕ್ರನ್ ಪಟ್ಟಣದಲ್ಲಿ ಇಬ್ಬರು ಕುಡುಕರು ಎದುರುಬದುರು ಕುಳಿತರು. ಒಬ್ಬ ಶೇರು ಪೇಟೆಯವನು, ಇನ್ನೊಬ್ಬ ಡಾಕ್ಟರು. ಒಬ್ಬರ ಕತೆ ಒಬ್ಬರು ಕೇಳಿದರು. ‘ಆಲ್ಕೋಹಾಲಿಕ್ಸ್ ಅನಾನಿಮಸ್’ ಹುಟ್ಟಿದ್ದು ಹೀಗೆ. 1957ರಲ್ಲಿ ಅದು ಭಾರತಕ್ಕೆ ಬಂತು. ಫೀ ಇಲ್ಲ, ಅಡ್ಡಹೆಸರು ಹೇಳಬೇಕಾಗಿಲ್ಲ. ಪಟ್ಟಣದಲ್ಲಿ ಇದು ಸರಿ. ಆದರೆ ಹೆಸರು ಹೇಳುವ ಮೊದಲೇ ಜಾತಿ ಗೊತ್ತಿರುವ ಹಳ್ಳಿಯಲ್ಲಿ, ಗಟಾರದಲ್ಲಿ ಬಿದ್ದದ್ದನ್ನು ಊರೇ ನೋಡಿರುವಾಗ, ಅನಾಮಿಕನಾಗುವುದು ಹೇಗೆ? ಹಳ್ಳಿಯ ದಾರಿ ಬೇರೆ. 1982ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಸುರುವಾದ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮುಂದೆ ಮದ್ಯವರ್ಜನ ಶಿಬಿರಗಳನ್ನು ನಡೆಸಿತು. ಶಿಬಿರ ಮುಗಿಸಿದವರು ತಮ್ಮೂರಲ್ಲಿ ‘ನವಜೀವನ ಸಮಿತಿ’ ಕಟ್ಟಿಕೊಂಡು ಮತ್ತೆ ಮತ್ತೆ ಕೂಡುತ್ತಾರೆ. ನಮ್ಮ ಜಿಲ್ಲೆಯ ಹಳ್ಳಿಗಳಲ್ಲೂ ಈ ಶಿಬಿರಗಳು ನಡೆದಿವೆ. ಇಲ್ಲಿ ಮುಚ್ಚಿಡುವುದಿಲ್ಲ. ಬಿಟ್ಟವನೆಂದು ಊರ ಮುಂದೆ ನಿಲ್ಲಬೇಕು.

ಒಳ್ಳೆಯದೇ. ಆದರೆ ನಮ್ಮ ಪ್ರಶ್ನೆ ಉಳಿದೇ ಇದೆ. ಆ ಕೂಟ ಗುಡಿಯ ಪೌಳಿಯಲ್ಲಿ ಸೇರಿದರೆ ಕಾಕಾ ಎಲ್ಲಿ ಕೂಡುತ್ತಾರೆ? ಮೆಟ್ಟಿಲ ಮೇಲೋ, ಕೆಳಗೋ? ದೂರ ಕೂಡ್ರಿಸಿದ ಮನುಷ್ಯ ಮನಸ್ಸು ಬಿಚ್ಚುವುದಿಲ್ಲ. ಅವಮಾನ ಮರೆಯಲು ಕುಡಿದವನಿಗೆ ಮತ್ತೆ ಅವಮಾನವನ್ನೇ ಔಷಧವೆಂದು ಕೊಡಬಾರದು. ಕೂಟ ಶಾಲೆಯ ಕೋಣೆಯಲ್ಲಿ, ಅಂಬೇಡ್ಕರ ಭವನದಲ್ಲಿ, ಎಲ್ಲರೂ ಒಂದೇ ಚಾಪೆಯ ಮೇಲೆ ಕೂಡುವಲ್ಲಿ ನಡೆಯಲಿ.

ಒಂದು ಎಚ್ಚರಿಕೆ. ದಿನಾ ಬಹಳ ಕುಡಿಯುವವರು ಆಣೆ ಮಾಡಿ ಒಮ್ಮೆಲೇ ಬಿಟ್ಟರೆ ಎರಡು ಮೂರು ದಿನದಲ್ಲಿ ಕೈಕಾಲು ನಡುಗಿ, ಫಿಟ್ಸ್ ಬಂದು, ಇಲ್ಲದ್ದು ಕಂಡು ಜೀವವೇ ಹೋಗಬಹುದು. “ದೆವ್ವ ಬಡದೈತಿ” ಎಂದು ತಾಯಿತ ಕಟ್ಟಿಸುತ್ತ ಕೂಡಬೇಡಿ. ಮೊದಲು ಡಾಕ್ಟರ ಹತ್ತಿರ ಒಯ್ಯಿರಿ. 1845ರಲ್ಲಿ ಸುರುವಾದ ಧಾರವಾಡದ ‘ಹುಚ್ಚಾಸ್ಪತ್ರೆ’ ಈಗ ಡಿಮ್ಹಾನ್ಸ್ ಆಗಿದೆ. ಹಳೆಯ ಹೆಸರಿಗೆ ಹೆದರಿ ಹೊರಳಿ ಬರುವವರಿದ್ದಾರೆ, ಹೆದರಬೇಕಾಗಿಲ್ಲ. 14446ಕ್ಕೆ ಫೋನು ಮಾಡಿದರೆ ರೊಕ್ಕ ಬೀಳುವುದಿಲ್ಲ. ಹತ್ತಿರದಲ್ಲಿ ಎಲ್ಲಿ ಚಿಕಿತ್ಸೆ ಇದೆಯೆಂದು ಅಲ್ಲಿ ಕೇಳಬಹುದು. ಅಲ್ಲಿಂದ ಮನೆಗೆ ಬಂದ ಮೇಲೆ ಬೇಕಾದದ್ದು ಮಂದಿ.

ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಗೆಳೆಯರೆ, ನಿಮ್ಮೂರಲ್ಲಿ ಇಂಥ ಕೂಟ ಇದೆಯೇ ಎಂದು ಹುಡುಕಿರಿ. ಇಲ್ಲದಿದ್ದರೆ ಕಾಯಬೇಡಿ. ಆಕ್ರನ್ನಿನಲ್ಲಿ ಇದ್ದವರೂ ಇಬ್ಬರೇ. ಕಾಕಾ ಒಬ್ಬರಿದ್ದಾರೆ. ಇನ್ನೊಬ್ಬರು ಬೇಕು.